ಕೌದಿಯಲ್ಲಿ ಸುತ್ತಿಟ್ಟ ಬೇಳೆ

ನಿವೇದಿತಾಳ ಹೆಸರು ನಾನು ಮೊದಲು ಕೇಳಿದ್ದು ನನ್ನ ಮಗಳು ಶರಣ್ಯಾಳ ಬಾಯಲ್ಲಿ, ಕರೆಂಟ್ ಬಿಲ್ಲು ಬಂದ ದಿನ.

"ಅವ್ವಾ, ಮ್ಯಾಲಿನ ಮನಿ ನಿವೇದಿತಾನ್ನ ನೋಡಿ ಕಲೀಬೇಕು ನಾವು. ಬಿಲ್ಲು ನಮ್ಮ ಅರ್ಧಾನೂ ಬರಂಗಿಲ್ಲಂತ. ಸ್ಟ್ರೆಸ್ಸೇ ಇಲ್ಲ ಆ ಮನ್ಯಾಗ. ಒಂದು ಸಪ್ಪಳ ಕೇಳೀ ಏನು?"

ಕೇಳಿದ್ದೆ. ಮಗಳು ಆಫೀಸಿನಿಂದ ಬರುವ ಮೊದಲು, ಸಂಜೆ, ಮೇಲೆ ಏನೋ ದೊಪ್ಪನೆ ಬೀಳುತ್ತಿತ್ತು. ಕುರ್ಚಿ ಇರಬೇಕು ಅಂದುಕೊಂಡಿದ್ದೆ.

ಕಲಿಯೋಣವೆಂದೇ ಒಂದು ಮಧ್ಯಾಹ್ನ ಮೇಲೆ ಹತ್ತಿದೆ. ಧಾರವಾಡದ ಹುಡುಗಿ, ತುಂಬಿದ ಬಸುರಿ. ಯೂನಿಯನ್ ಸಿಟಿಯಲ್ಲಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಕರೆಂಟು ತುಟ್ಟಿ, ನಾಲ್ಕರೊಳಗೆ ಅವಳ ಕೆಲಸವೆಲ್ಲ ಮುಗಿಯಬೇಕು. ಬೇಳೆಯನ್ನು ರಾತ್ರಿಯೇ ನೆನೆಹಾಕುತ್ತಾಳೆ. ಮಧ್ಯಾಹ್ನ ಚೆನ್ನಾಗಿ ಒಂದು ಕುದಿ ಬಂದೊಡನೆ ಒಲೆ ಆರಿಸಿ, ಪಾತ್ರೆಯನ್ನು ತಾಯಿ ಹೊಲಿದ ಕೌದಿಯಲ್ಲಿ ಸುತ್ತಿಬಿಡುತ್ತಾಳೆ. ಬೇಳೆ ತನ್ನ ಕಾವಿನಲ್ಲೇ ಬೇಯುತ್ತದೆ. ಬಟ್ಟೆ ಒಳಗಿನ ಹಗ್ಗದ ಮೇಲೆ ಒಣಗುತ್ತದೆ. ನಾಲ್ಕಾದರೆ ಸ್ವಿಚ್ಚೆಲ್ಲ ಬಂದ್.

"ಮುಸ್ಸಂಜಿಗೆ ಒಂದು ಲೈಟರೆ ಹಾಕವಾ, ಮನಿ ಕತ್ತಲಿರಬಾರದು" ಅಂದೆ.

"ಅವ್ರ ಫೋನ್‌ನ್ಯಾಗ ಕಾಣ್ತದ, ಅಜ್ಜಿ."

ಅವಳ ಗಂಡ ಮಧುಕರ್ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲ್ಯಾಬಿನವನು. ಮೀಟರಿಗೆ ಒಂದು ಯಂತ್ರ ಕೂಡಿಸಿದ್ದಾನೆ. ಮನೆಯಲ್ಲಿ ಏನು ಹಾಕಿದರೂ ಅಲ್ಲಿ ಅವನ ಫೋನಿನಲ್ಲಿ ಗೆರೆ ಏರುತ್ತದೆ. ನಿವೇದಿತಾ ಅಂಗಿಯ ತೋಳು ಸರಿಸಿ ತೋರಿಸಿದಳು. ಐದು ಬೆರಳಿನ ಗುರುತುಗಳು ಹಸಿರುಗಟ್ಟಿ ಕೂತಿದ್ದವು. "ಇದು ಇಸ್ತ್ರಿ ಮಾಡಿದ್ದಕ್ಕ."

"ಯಾರಿಗರೆ ಹೇಳೀ?"

"ಇಲ್ಲೇ ಕ್ಯಾಂಪ್‌ಬೆಲ್ ಊರಾಗ ಅಕ್ಕ ಅದಾಳ. ಆಕೀಗೂ ಹೇಳಿಲ್ಲ. ಕೂಸು ಬಂದ್ರ ತಣ್ಣಗಾಗ್ತಾರ."

ಸೆಪ್ಟೆಂಬರಿನಲ್ಲಿ ಬೆಂಕಿಯಂಥ ಬಿಸಿಲು ಬಿತ್ತು. ಒಂದು ದಿನ ನಾಲ್ಕು ದಾಟಿದ ಮೇಲೆ ಅವಳ ಎ.ಸಿ. ಗುಂಯ್‌ಗುಟ್ಟಿತು. ಬಸುರಿಗೆ ತಡೆದಿರಲಿಕ್ಕಿಲ್ಲ. ಒಂದು ಗಂಟೆಯೊಳಗೆ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ. ಆಮೇಲೆ ಗೋಡೆಯ ಸಪ್ಪಳ.

ಮೊಣಕಾಲು ಹಿಡಿದುಕೊಂಡು ಹತ್ತಿದೆ. ಬಾಗಿಲು ತೆರೆದೇ ಇತ್ತು. ಮಧುಕರ್ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು, ಡಿಗ್ರಿ ತೋರಿಸುವ ಎ.ಸಿ. ಸ್ವಿಚ್ಚಿನ ಪಕ್ಕದ ಗೋಡೆಗೆ ತಲೆ ಕುಟ್ಟುತ್ತಿದ್ದ. "ಎಷ್ಟು ಡಿಗ್ರಿ ಅದ, ಓದು! ಓದಲೇ!" ಗೋಡೆಯ ಮೇಲೆ ರಕ್ತ ಇಳಿಯುತ್ತಿತ್ತು. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಮುಖಕ್ಕೆ ಒಂದೂ ಅಡ್ಡ ಬರಲಿಲ್ಲ.

"ಬಿಡೋ ಭಾಡ್ಯಾ!"

"ಕೆಳಗ ನಡಿ, ಮುದುಕಿ. ಇದು ಫ್ಯಾಮಿಲಿ ಮ್ಯಾಟರು" ಅಂದವನು ಅವಳ ಹೊಟ್ಟೆಗೆ ಮೊಣಕಾಲು ಎತ್ತಿದ.

ಒಲೆಯ ಪಕ್ಕದಲ್ಲಿದ್ದ ಬೇಳೆಯ ಪಾತ್ರೆಯ ಕೌದಿ ಬಿಚ್ಚಿದೆ. ಮುಚ್ಚಳ ಕಿತ್ತು, ಇನ್ನೂ ಹಬೆಯಾಡುತ್ತಿದ್ದ ಪಾತ್ರೆಯನ್ನು ಅವನ ಮೇಲೆ ಬೋರಲು ಹಾಕಿದೆ. ಬೇಳೆ ಕುತ್ತಿಗೆಯಿಂದ ಸೊಂಟದವರೆಗೆ ಅಂಟಿಕೊಂಡು ಸುಟ್ಟಿತು. ಜಡೆ ಬಿಟ್ಟು ನೆಲಕ್ಕೆ ಬಿದ್ದು ಒದ್ದಾಡಿದ. ಆ ಕಿರುಚಾಟಕ್ಕೆ ಅಕ್ಕಪಕ್ಕದವರು ಹೊರಬಂದು ಪೊಲೀಸರಿಗೆ ಫೋನ್ ಮಾಡಿದರು. ಅವನ ಕೈಗೆ ಬೇಡಿ ಬಿತ್ತು.

ಆಂಬ್ಯುಲೆನ್ಸಿನವರು ನಿವೇದಿತಾಳನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಹೊಟ್ಟೆ ನೋಡಿದರು. ಕೂಸಿನ ಗುಂಡಿಗೆ ಬಡಿಯುತ್ತಿದೆ ಎಂದು ಆಗ ತಾನೇ ಬಂದ ಶರಣ್ಯಾ ನನಗೆ ತಿಳಿಸಿದಳು. ಆಸ್ಪತ್ರೆಯಿಂದ ನಿವೇದಿತಾ ಅಕ್ಕನ ಮನೆಗೇ ಹೋದಳಂತೆ, ಮತ್ತೆ ನಾನು ನೋಡಲಿಲ್ಲ.

ಅಂದು ಅವಳನ್ನು ಎತ್ತಿಕೊಂಡು ಹೋಗುವ ಮೊದಲು ಆ ಕೌದಿ ಹೊದಿಸಿದೆ. ಮನೆ ಮುಚ್ಚಬೇಕಲ್ಲ ಎಂದು ಎ.ಸಿ. ಸ್ವಿಚ್ಚಿಗೆ ಕೈ ಚಾಚಿದೆ. ರಕ್ತದ ಕೈಯಿಂದ ನನ್ನ ಸೆರಗು ಹಿಡಿದಳು.

"ಬ್ಯಾಡ ಅಜ್ಜಿ, ಆರಿಸಬ್ಯಾಡ್ರಿ. ಅವನ ಫೋನ್‌ನ್ಯಾಗ ಗೆರಿ ಏರ್ಲಿ."