ಕತ್ತರಿ ಮಾಮನ ಬೆಂಚು

ಭಾನುವಾರ ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಕತ್ತರಿ ಮಾಮ ತನ್ನ ಕಟಿಂಗ್ ಶಾಪಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮರದ ಅಡಿಕೋಲಿನ ನಟ್ಟನಡುವೆ ತೂತು ಕೊರೆಯುತ್ತಿದ್ದ. ತೂತಿಗೆ ದಾರ ಪೋಣಿಸಿ ಕೋಲನ್ನು ಮೊಳೆಗೆ ತೂಗುಹಾಕಿದ. ಎರಡು ತುದಿಗೂ ಪೌಡರ್ ಡಬ್ಬಿಯ ಮುಚ್ಚಳ ಇಳಿಬಿಟ್ಟ. ಎಡಗಡೆ ಸ್ವಲ್ಪ ಜೋತುಬಿತ್ತು. ಬಲಗಡೆಗೆ ಒಂದು ಚೂರು ಅಂಟುಪಟ್ಟಿ ಹಚ್ಚಿದ, ಜಾಸ್ತಿಯಾಯಿತು. ಕಿತ್ತು, ಅರ್ಧ ಹರಿದು, ಮತ್ತೆ ಹಚ್ಚಿದ. ಕೋಲು ಸಮನಾಗಿ ನಿಂತಿತು. ತೂಕದ ಕಲ್ಲಿಗೆ ಬದಲಾಗಿ ಪಕ್ಕದಂಗಡಿಯ ದರ್ಜಿ ಕೊಟ್ಟ ಒಂದು ಡಬ್ಬಿ ಅಂಗಿ ಗುಂಡಿ ಇತ್ತು, ಎಲ್ಲವೂ ಒಂದೇ ಅಳತೆಯವು.

ಅಂಗಡಿ ಅಣ್ಣತಮ್ಮ ಇಬ್ಬರದು. ಒಂದು ಗೋಡೆಗೆ ಉದ್ದನೆಯ ಕನ್ನಡಿ, ಅದರ ಮುಂದೆ ಎರಡು ಕುರ್ಚಿ. ಹಿಂದಿನ ಗೋಡೆಗೆ ಒತ್ತಿ ಕಾಯುವವರ ಬೆಂಚು. ದೊಡ್ಡವನನ್ನು ಬೀದಿಯ ಹುಡುಗರು ದೊಡ್ಡ ಮಾಮ ಅನ್ನುತ್ತಿದ್ದರು, ಚಿಕ್ಕವನನ್ನು ಕತ್ತರಿ ಮಾಮ. ದೊಡ್ಡ ಮಾಮನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕತ್ತರಿ ಮಾಮ ಮಾತಾಡಿದರೆ ಮುತ್ತು ಉದುರಿಹೋಗುತ್ತದೇನೋ ಎನ್ನುವಂಥವನು.

ಬೆಂಚಿನ ಆಟಗಳು ಶುರುವಾದದ್ದು ಹಿಂದೊಮ್ಮೆ ಒಬ್ಬ ಹುಡುಗ ಅರ್ಧ ತಲೆ ಕತ್ತರಿಸಿಕೊಂಡು, ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಸಮೇತ ಬೀದಿಗೆ ಓಟ ಕಿತ್ತ ದಿನ. ಹಿಡಿದು ತಂದು ಕೂರಿಸಿದ ಮೇಲೆ ಕತ್ತರಿ ಮಾಮ ಅವನ ಕೈಗೆ ಎರಡು ಬಾಚಣಿಗೆ ಕೊಟ್ಟು, "ಯಾವುದರಲ್ಲಿ ಹಲ್ಲು ಜಾಸ್ತಿ?" ಅಂದ. ಹುಡುಗ ಎಣಿಸುತ್ತಾ ಕೂತ. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ. ಅಷ್ಟೂ ಹೊತ್ತು ತಲೆ ಕಲ್ಲಿನ ಹಾಗೆ ನಿಂತಿತ್ತು. ಕೈಗೆ ಕೆಲಸ ಕೊಟ್ಟರೆ ತಲೆ ಅಲ್ಲಾಡುವುದಿಲ್ಲ ಎಂದು ಕತ್ತರಿ ಮಾಮ ಅವತ್ತೇ ಕಂಡುಕೊಂಡ.

ಆಮೇಲೆ ಒಂದೊಂದಾಗಿ ಆಟಗಳು ಬಂದವು. ಅರ್ಧ ಮುಖದ ಚಿತ್ರ. ಅದರ ಅಂಚಿಗೆ ಕೈಗನ್ನಡಿ ಹಿಡಿದು ಪೂರ್ತಿ ಮಾಡಬೇಕು. ಬೆಂಚಿನ ಮೇಲಿನ ಗೋಡೆಯ ಗಡಿಯಾರವನ್ನು ತಿರುಗಿ ನೋಡದೆ, ಎದುರಿನ ಕನ್ನಡಿಯಲ್ಲೇ ನೋಡಿ ಸರಿಯಾದ ಸಮಯ ಹೇಳಬೇಕು. ಮೊದಲು ಹೇಳಿದವನಿಗೆ ಮೊದಲ ಕುರ್ಚಿ. ಶಾಲೆಯಲ್ಲಿ ಗಡಿಯಾರ ಅಂದರೆ ಕಣ್ಣು ಕಣ್ಣು ಬಿಡುತ್ತಿದ್ದವರು ಇಲ್ಲಿ ತಿರುಗುಮುರುಗು ಗಡಿಯಾರವನ್ನೇ ಓದತೊಡಗಿದರು. ಕತ್ತರಿ ಮಾಮ ಯಾರಿಗೂ ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ. "ನೋಡೇಬಿಡೋಣ" ಅನ್ನುತ್ತಿದ್ದ, ಅಷ್ಟೆ.

ಈಚೆಗೆ ದೊಡ್ಡ ಮಾಮನಿಗೆ ಇದು ತಲೆನೋವಾಗಿತ್ತು. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಕಟಿಂಗ್ ಮುಗಿದರೂ ಹುಡುಗರು ಏಳುವುದಿಲ್ಲ, ದೊಡ್ಡವರು ಬಾಗಿಲಲ್ಲಿ ಇಣುಕಿ ಮುಂದಿನ ಬೀದಿಯ ಹೊಸ ಅಂಗಡಿಗೆ ಹೋಗುತ್ತಾರೆ.

"ಲೋ, ಬೆಂಚು ತೆಗೆದು ಅಲ್ಲೊಂದು ಕುರ್ಚಿ ಹಾಕೋಣ," ಅಂದಿದ್ದ ಶನಿವಾರ. "ಕಾಯೋರು ಹೊರಗೆ ನಿಂತ್ಕೊಳ್ಳಲಿ. ನಾಳೆ ಸಂಜೆ ಕುರ್ಚಿಯವನು ಅಳತೆಗೆ ಬರ್ತಾನೆ."

"ಹುಡುಗರು?"

"ಹುಡುಗರಿಗೇನು, ಮನೆ ಮಠ ಇಲ್ವಾ? ಇದು ಕಟಿಂಗ್ ಶಾಪೋ, ಬಾಲವಾಡಿಯೋ? ನಾಳೆ ಒಂದು ದಿನ ಗಲಾಟೆ ಇಲ್ಲದೆ ನಡೆಸಿ ತೋರಿಸು, ಆಮೇಲೆ ಮಾತಾಡೋಣ."

ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ, "ಯಾಕಪ್ಪಾ, ತಟ್ಟೆ ಜೊತೆ ಜಗಳವಾ?" ಎಂದು ಕೇಳಿದಾಗಲೇ ತಾನು ಏನೂ ತಿಂದಿಲ್ಲ ಎಂದು ಕತ್ತರಿ ಮಾಮನಿಗೆ ಗೊತ್ತಾದದ್ದು.

ಗಲಾಟೆಯ ಮೂಲ ಇಬ್ಬರೇ ಹುಡುಗರು. ಒಬ್ಬ ಪೊದೆ, ಗುಂಗುರು ಕೂದಲು, ಟೋಪಿ ಇಟ್ಟರೆ ಟೋಪಿಯೇ ಮೇಲೆದ್ದು ಕೂರುತ್ತದೆ. ಇನ್ನೊಬ್ಬ ಮುಳ್ಳು, ನೆಟ್ಟಗೆ ನಿಂತ ಗಡಸು ಕೂದಲು. ಯಾರ ತಲೆಯಲ್ಲಿ ಕೂದಲು ಜಾಸ್ತಿ ಎಂದು ತಿಂಗಳುಗಟ್ಟಲೆ ಜಟಾಪಟಿ. ತೂಕ ಹಾಕಿ ತೀರ್ಮಾನ ಮಾಡಿಬಿಟ್ಟರೆ ಬಾಯಿ ಮುಚ್ಚುತ್ತದೆ ಎಂದೇ ಬೆಳಗ್ಗೆ ಬೆಳಗ್ಗೆ ಆ ತಕ್ಕಡಿ.

ಇಬ್ಬರ ಕೂದಲೂ ಒಂದೇ ಉದ್ದ ಬೆಳೆದಿತ್ತು. ಇಬ್ಬರಿಗೂ ಕೊನೆಗೆ ಒಂದೇ ನಂಬರಿನ ಮಷೀನು ಎಂದು ಮಾತಾಯಿತು. ಪೊದೆ ದೊಡ್ಡ ಮಾಮನ ಕುರ್ಚಿಯಲ್ಲಿ ಕೂತ, ಮುಳ್ಳು ಕತ್ತರಿ ಮಾಮನ ಕುರ್ಚಿಯಲ್ಲಿ. ಪೊದೆಯದು ಬೇಗ ಮುಗಿಯಿತು. ಬಿದ್ದ ಕೂದಲನ್ನೆಲ್ಲ ಅವನೇ ಬಾಚಿ ಮುಚ್ಚಳಕ್ಕೆ ತುಂಬಿದ. ಎದುರು ಮುಚ್ಚಳಕ್ಕೆ ಗುಂಡಿ ಹಾಕುತ್ತಾ ಬೆಂಚಿನವರೆಲ್ಲ ಒಟ್ಟಿಗೆ ಎಣಿಸಿದರು. ನಲವತ್ತೊಂದು. ಅಷ್ಟರಲ್ಲಿ ದರ್ಜಿ ಬಂದು ದೊಡ್ಡ ಮಾಮನ ಕುರ್ಚಿಯಲ್ಲಿ ಗಡ್ಡಕ್ಕೆ ನೊರೆ ಬಳಿಸಿಕೊಂಡು ಕೂತ.

ಮುಳ್ಳಿನ ಕೂದಲು ತೂಗಿದರು. ನಲವತ್ತೊಂದು ದಾಟಿತು. ಐವತ್ತು ದಾಟಿತು. ಐವತ್ತಮೂರಕ್ಕೆ ಕೋಲು ಸಮನಾಯಿತು.

"ಮೋಸ!" ಪೊದೆಯ ಕೂಗಿಗೆ ಕನ್ನಡಿ ಅದುರಿತು. ದರ್ಜಿ ಬೆಚ್ಚಿಬಿದ್ದ. ನೊರೆಯ ಮೇಲೆ ಕೆಂಪು ಚುಕ್ಕೆ ಮೂಡಿತು.

"ಅಯ್ಯೋ, ಗುಂಡಿ ಕೊಟ್ಟ ತಪ್ಪಿಗೆ ಗಲ್ಲ ಕೊಡ್ಬೇಕಾ ನಾನು?" ಅಂದ ದರ್ಜಿ.

ದೊಡ್ಡ ಮಾಮ ಕತ್ತಿ ಕೆಳಗಿಟ್ಟ. "ಮುಗೀತು. ಸಂಜೆ ಕುರ್ಚಿಯವನು ಬರ್ತಾನೆ, ಬೆಂಚು ಆಚೆ. ಇನ್ನು ಒಂದು ಮಾತಿಲ್ಲ."

ಕತ್ತರಿ ಮಾಮ ತಕ್ಕಡಿಯನ್ನೇ ನೋಡುತ್ತಾ ನಿಂತ. ಪೊದೆಯ ತಲೆ ನೋಡಿದರೆ ಗೆಲುವು ಅವನದೇ ಅನ್ನಿಸುತ್ತಿತ್ತು. ಹನ್ನೆರಡು ಗುಂಡಿ ವ್ಯತ್ಯಾಸ ಕತ್ತರಿ ಮಾಮನಿಗೂ ಅರ್ಥವಾಗಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು. "ಎಲ್ಲಿ ಮೋಸ? ನೋಡೇಬಿಡೋಣ."

ಪೊದೆ ಕಣ್ಣೊರೆಸಿಕೊಂಡು ಕೋಲು ನೋಡಿದ, ದಾರ ನೋಡಿದ, ಮುಚ್ಚಳ ಅದಲುಬದಲು ಮಾಡಿ ತೂಗಿದ. ಅದೇ ಐವತ್ತಮೂರು. ಕೊನೆಗೆ ಮುಳ್ಳಿನ ಕೂದಲನ್ನು ಚಿಟಿಕೆಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ.

"ಮಾಮ, ಇದು ತಣ್ಣಗಿದೆ. ಒದ್ದೆ! ನೀವು ನೀರು ಹೊಡೆದ್ರಿ. ದೊಡ್ಡ ಮಾಮ ನನಗೆ ಹೊಡೀಲಿಲ್ಲ."

ನಿಜ. ನೀರು ಚಿಮುಕಿಸಿ, ಕತ್ತರಿ ಆಡಿಸಿ, ಆಮೇಲೆ ಮಷೀನು ಮುಟ್ಟುವುದು ಕತ್ತರಿ ಮಾಮನ ರೂಢಿ. ದೊಡ್ಡ ಮಾಮ ಒಣ ತಲೆಗೇ ಮಷೀನು ಇಡುವವನು. ಇಷ್ಟು ವರ್ಷ ಅಕ್ಕಪಕ್ಕ ನಿಂತು ಕೆಲಸ ಮಾಡಿದ ಇಬ್ಬರಿಗೂ ಅದು ಹೊಳೆದಿರಲಿಲ್ಲ.

"ಹಾಗಾದ್ರೆ ಒಣಗಿಸೋಣ," ಎಂದ ಮುಳ್ಳು, ಕೂದಲು ಒಣಗಿಸುವ ಮಷೀನು ಎತ್ತಿಕೊಂಡು ಸ್ವಿಚ್ಚು ಒತ್ತಲು ಹೋದ.

"ಹಾರಿ ಹೋಗುತ್ತೆ ಕಣೋ ಮಂಕೇ!" ಕೂಗಿದವನು ದೊಡ್ಡ ಮಾಮ. ಅವನೇ ಬಂದು ಕಿಟಕಿಯ ಬಿಸಿಲಿಗೆ ಕಾಗದ ಹಾಸಿ, ಮುಳ್ಳಿನ ಕೂದಲು ತೆಳ್ಳಗೆ ಹರಡಿದ. ಪಕ್ಕದಲ್ಲೇ ಇನ್ನೊಂದು ಕಾಗದದ ಮೇಲೆ ಪೊದೆಯದನ್ನೂ ಹರಡಿದ. "ಒಬ್ಬನಿಗೆ ಬಿಸಿಲು, ಇನ್ನೊಬ್ಬನಿಗೆ ನೆರಳು ಅಂದ್ರೆ ಅದೂ ಮೋಸಾನೇ," ಎಂದ. ಆಮೇಲೆ ಹೋಗಿ ಫ್ಯಾನು ಆರಿಸಿದ.

ಬಾಗಿಲೂ ಮುಚ್ಚಿತು. ಎಲ್ಲರ ಬೆನ್ನಲ್ಲೂ ಬೆವರು. ಆದರೆ ಒಬ್ಬರೂ ಎದ್ದು ಹೋಗಲಿಲ್ಲ. ಗಡ್ಡ ಮುಗಿಸಿಕೊಂಡ ದರ್ಜಿ ಗಲ್ಲಕ್ಕೆ ಹತ್ತಿ ಒತ್ತಿಕೊಂಡು ಹುಡುಗರ ನಡುವೆಯೇ ಜಾಗ ಮಾಡಿಕೊಂಡ. ಬಾಗಿಲು ತಳ್ಳಿಕೊಂಡು ಬಂದ ಇಬ್ಬರು ಗಿರಾಕಿಗಳು ವಿಷಯ ಕೇಳಿ ನಿಂತೇ ಕಾದರು. ಎಷ್ಟು ಗುಂಡಿ ಇಳಿಯಬಹುದು ಎಂದು ಊಹೆ ಶುರುವಾಯಿತು. ಮೂರು ಎಂದ ದರ್ಜಿ. "ನೀವು ಬಟ್ಟೆ ಒಗೆದು ನೋಡಿಲ್ವಾ? ಒದ್ದೆ ಟವೆಲ್ಲು ಎಷ್ಟು ಭಾರ ಇರುತ್ತೆ!" ಎಂದು ಪೊದೆ ಅವನನ್ನು ಹಂಗಿಸಿದ.

ಮತ್ತೆ ತೂಗಿದರು. ಪೊದೆಯದು ಅದೇ ನಲವತ್ತೊಂದು. ಮುಳ್ಳಿನದು ಇಳಿಯಿತು, ನಲವತ್ತಮೂರಕ್ಕೆ ಬಂದು ನಿಂತಿತು.

ಎಲ್ಲರೂ ಪೊದೆಯ ಮುಖ ನೋಡಿದರು. ದೊಡ್ಡ ಮಾಮ ಕಿವಿ ಮುಚ್ಚಿಕೊಳ್ಳಲು ಸಿದ್ಧನಾಗಿದ್ದ.

"ಸೋತೆ," ಅಂದ ಪೊದೆ ಗಂಭೀರವಾಗಿ. "ಆದ್ರೆ ಹನ್ನೆರಡು ಗುಂಡಿಗಲ್ಲ. ಎರಡೇ ಗುಂಡಿಗೆ."

"ನಿಂದು ಗುಂಗುರು ಅಲ್ವಾ, ಅದಕ್ಕೇ ಉಬ್ಬಿ ಕಾಣ್ಸುತ್ತೆ," ಎಂದು ಮುಳ್ಳು ಸಮಾಧಾನ ಮಾಡಿದ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು, ಮುಂದಿನ ತಿಂಗಳು ಇಬ್ಬರೂ ಒಣ ತಲೆಯಲ್ಲೇ ಕತ್ತರಿಸಿಕೊಳ್ಳಬೇಕು ಎಂಬ ಕರಾರು ಮಾಡುತ್ತಾ ಹೊರಟರು.

ಸಂಜೆ ಕುರ್ಚಿಯವನು ಬಂದ. ಟೇಪು ಎಳೆದು ಹಿಂದಿನ ಗೋಡೆ ಅಳೆದ. "ಈ ಮೂಲೆಯಿಂದ ಆ ಮೂಲೆಗೆ ಎಂಟಡಿ. ಬೆಂಚು ಐದಡಿ ತಿಂದುಬಿಟ್ಟಿದೆ. ಅದು ಹೋದ್ರೆ ಕುರ್ಚಿ ಆರಾಮಾಗಿ ಕೂರುತ್ತೆ."

ಕತ್ತರಿ ಮಾಮ ಬೆನ್ನು ಹಾಕಿ ಕಸ ಗುಡಿಸುತ್ತಿದ್ದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದ.

"ಕುರ್ಚಿ ಈಗ ಬೇಡ," ಅಂದ ದೊಡ್ಡ ಮಾಮ. "ಆಮೇಲೆ ನೋಡೋಣ."

"ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ ಸ್ವಾಮಿ?"

"ಟೇಪು ತಂದಿದ್ದೀರಲ್ಲ, ಅದು ಬೇಕಿತ್ತು." ದೊಡ್ಡ ಮಾಮ ಟೇಪಿನ ತುದಿಯನ್ನು ಮೂಲೆಗೆ ಒತ್ತಿ ಹಿಡಿದು ತಮ್ಮನ ಕಡೆ ತಿರುಗಿದ. "ಲೋ, ಇವತ್ತು ದರ್ಜಿ ಅರ್ಧ ಕುಂಡೆ ಊರಿ ಕೂತಿದ್ದ, ಇನ್ನಿಬ್ಬರು ನಿಂತೇ ಇದ್ರು. ಬಡಗಿಗೆ ಹೇಳ್ತೀನಿ, ಬೆಂಚು ಉದ್ದ ಮಾಡಿಕೊಡಲಿ. ಎಷ್ಟಡಿ ಬೇಕು ಹೇಳು."

ಜೀವಮಾನದಲ್ಲಿ ಅಣ್ಣನ ಹತ್ತಿರ ಏನನ್ನೂ ಬಾಯಿಬಿಟ್ಟು ಕೇಳಿದವನಲ್ಲ ಕತ್ತರಿ ಮಾಮ. ಪೊರಕೆಯನ್ನು ಗೋಡೆಗೆ ಒರಗಿಸಿದ. ಗೋಡೆಯನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿದ. ಆಮೇಲೆ, ಬೀದಿಗೂ ಕೇಳಿಸುವ ಹಾಗೆ ಹೇಳಿದ:

"ಎಂಟು."