ಹಾಲಿನಲ್ಲಿ ಜಾರಿದ ಕಾಲು

ನಮ್ಮ ಮೆರೊಯೆ ರಾಜ್ಯದಲ್ಲಿ ಹೆಂಗಸೊಬ್ಬಳು ಪಟ್ಟದ ಮೇಲೆ ಕೂತಿರುವುದು ನನ್ನ ಬಾವನ ಕಾಲಿನಿಂದ ಎಂದು ಹೇಳುವವರಿದ್ದಾರೆ. ಹಾಗೆ ಹೇಳುವವರೆಲ್ಲ ನನ್ನ ಅಂಗಳದಲ್ಲೇ ಕೂತು, ನಾನು ಮಾಡಿದ ಜೋಳದ ಹೆಂಡವನ್ನೇ ಕುಡಿದು, ನನಗೇ ಕಥೆ ಹೇಳುತ್ತಾರೆ. ಒಬ್ಬ, ಬಾವ ಎಡವಿದ ಅನ್ನುತ್ತಾನೆ, ಇನ್ನೊಬ್ಬ ಬೇಕೆಂದೇ ತಳ್ಳಿದ ಅನ್ನುತ್ತಾನೆ. ಮೂರನೆಯವನಿಗೆ ಎರಡು ಬಟ್ಟಲು ಒಳಗೆ ಹೋದ ಮೇಲೆ ಅವತ್ತು ತಾನೇ ದೇವರನ್ನು ಹೊತ್ತಿದ್ದ ನೆನಪಾಗುತ್ತದೆ. ಇವರ ಬಾಯಿಗೆ ಬೀಗ ಹಾಕುವವರಿಲ್ಲ. ಅದಕ್ಕೇ ನಡೆದದ್ದನ್ನು ನಾನೇ ಹೇಳಿಬಿಡುತ್ತೇನೆ.

ಬಾವನ ಹೆಸರು ಶವಿತರ. ನನ್ನ ಅಕ್ಕ ಲಪಖಿಯ ಗಂಡ. ಅಮನಿ ದೇವರನ್ನು ಕೂರಿಸಿದ ಮರದ ದೋಣಿಯನ್ನು ಹೆಗಲ ಮೇಲೆ ಹೊರುವವರಲ್ಲಿ ಮುಂದಿನ ಬಲಗಡೆಯ ತೊಲೆ ಅವನದು. ಅವನ ಅಪ್ಪನದೂ ಅದೇ ತೊಲೆ, ತಾತನದೂ ಅದೇ. ಹೊತ್ತು ಹೊತ್ತು ಅವನ ಬಲ ಹೆಗಲಲ್ಲಿ ಗೂಳಿಯ ಹಿಣಿಲಿನಂತೆ ಒಂದು ಗಂಟು ಎದ್ದಿತ್ತು. ಅದರ ಮೇಲೆ ಅವನಿಗೆ ಎಷ್ಟು ಜಂಬ ಎಂದರೆ, ಚಳಿಗಾಲದಲ್ಲೂ ಹೊದಿಕೆಯನ್ನು ಎಡಗಡೆಗೆ ಮಾತ್ರ ಹೊದೆಯುತ್ತಿದ್ದ. ಒಳ್ಳೆಯವನು. ಬುದ್ಧಿ ಮಾತ್ರ ಎಲ್ಲಾ ಹೆಗಲಿಗೇ ಇಳಿದುಬಿಟ್ಟಿತ್ತು.

ನಮ್ಮಲ್ಲಿ ರಾಜ ತೀರಿಕೊಂಡರೆ ಮುಂದಿನವರನ್ನು ಆರಿಸುವವನು ದೇವರೇ. ಅರಮನೆಯ ಮಕ್ಕಳು ಗುಡಿಯ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ, ದೇವರ ದೋಣಿ ಒಬ್ಬೊಬ್ಬರ ಮುಂದೆ ಬಂದು ನಿಲ್ಲುತ್ತದೆ. ಯಾರ ಮುಂದೆ ಅದು ಭಾರವಾಗಿ ಬಾಗುತ್ತದೋ ಅವರಿಗೆ ಪಟ್ಟ. ಆ ಸಲ ಅಣ್ಣತಮ್ಮಂದಿರು ಮೂವರು ಎದೆಯುಬ್ಬಿಸಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಅವರ ಅಕ್ಕ, ದೇವರ ಮುಂದೆ ಗಿಲಕಿ ಆಡಿಸುತ್ತಾ ನಿಂತಿದ್ದಳು. ಗಿಲಕಿ ಆಡಿಸುವುದು ರಾಜನ ಅಕ್ಕತಂಗಿಯರ ಕೆಲಸ, ಆದ್ದರಿಂದ ಅವಳ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ದೇವರ ದಾರಿಗೆ ಒಂದು ಸೌಟು ಹಾಲು ಚಿಮುಕಿಸುವುದು ವಾಡಿಕೆ. ಹಿರಿಯ ರಾಜಕುಮಾರನಿಗೆ ಅದು ಸಾಲಲಿಲ್ಲ. ದೇವರನ್ನು ಒಲಿಸಿಕೊಳ್ಳಲು ತನ್ನ ಮಂದೆಯ ಹಾಲನ್ನೆಲ್ಲ ಕರೆಸಿ ಅಂಗಳಕ್ಕೆ ಸುರಿಸಿದ. ಕಲ್ಲುಹಾಸಿನ ಮೇಲೆ ಹಾಲು ಹೊಳೆಯಾಗಿ ಹರಿಯಿತು, ಊರಿನ ನಾಯಿಗಳಿಗೆಲ್ಲ ಹಬ್ಬ. ದೋಣಿ ಮೂವರ ಮುಂದೆಯೂ ನಿಂತಿತು, ಅಲ್ಲಾಡಲಿಲ್ಲ. ಗಿಲಕಿ ಹಿಡಿದ ಅವರ ಅಕ್ಕನ ಮುಂದೆ ಹಾಯುವಾಗ ಬಾವನ ಹಿಮ್ಮಡಿ ಹಾಲಿನಲ್ಲಿ ಸರ್ರನೆ ಜಾರಿತು. ದೋಣಿ ಗಕ್ಕನೆ ಅವಳ ಮುಂದೆ ಬಾಗಿತು. ಜನ ನೆಲಕ್ಕೆ ಅಡ್ಡಬಿದ್ದರು. ಅವಳು ಕಂದಕೆಯಾದಳು, ಅಂದರೆ ನಮಗೆಲ್ಲ ಒಡತಿಯಾದಳು.

ನಾನು ಗಡಿಗೆ ಹೊತ್ತು ಅಕ್ಕನ ಮನೆಗೆ ಓಡಿದೆ. ಅಲ್ಲಿ ನೋಡಿದರೆ ಬಾವ ಮೂಲೆಯಲ್ಲಿ ಮುದುಡಿ ಕೂತಿದ್ದಾನೆ.

"ಏನ್ರೀ, ಊರೆಲ್ಲ ಕುಣೀತಾ ಇದೆ, ನಿಮ್ಮ ಮುಖ ಯಾಕೆ ಹಿಂಗೆ ಇಳಿದಿದೆ?" ಅಕ್ಕ ಕೇಳಿದಳು.

"ಏನಿಲ್ಲ."

"ಏನಿಲ್ಲ ಅನ್ನೋರು ಗೋಡೆ ನೋಡ್ಕೊಂಡು ಮಾತಾಡಲ್ಲ."

"ಜಾರಿದೆ ಕಣೇ."

ಅಕ್ಕ ಎದ್ದು ಬಾಗಿಲು ಮುಚ್ಚಿದಳು. ದೇವರ ಕೆಳಗೆ ಕಾಲು ಜಾರಿದವನು ಮತ್ತೆ ಆ ತೊಲೆಗೆ ಹೆಗಲು ಕೊಡುವಂತಿಲ್ಲ. ಗುಡಿಯ ಬೀದಿಯಲ್ಲಿ ಕೊಟ್ಟಿರುವ ಮನೆಯೂ ಹೋಗುತ್ತದೆ. ಅಕ್ಕನ ಮಕ್ಕಳು ಹುಟ್ಟಿದ್ದು ಆ ಮನೆಯಲ್ಲಿ.

"ಯಾರಿಗೂ ಹೇಳ್ಬೇಡಿ," ಎಂದಳು ಅಕ್ಕ.

"ಅಕ್ಕಾ, ನಿನ್ನ ಗಂಡನಿಗೆ ಹೇಳ್ಬೇಡ ಅನ್ನೋದೂ ಒಂದೇ, ಕತ್ತೆಗೆ ಅರಚಬೇಡ ಅನ್ನೋದೂ ಒಂದೇ," ಎಂದೆ. ಅವಳು ನನ್ನ ಕಡೆ ಸೌಟು ಎಸೆದಳು.

ಬಾವ ಹೇಳುವುದೇನೂ ಬೇಕಾಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಹಿರಿಯ ರಾಜಕುಮಾರನ ಬಂಟ ನತೆಮಖ ನನ್ನ ಅಂಗಳಕ್ಕೇ ಬಂದ. ಬಟ್ಟಲು ಹಿಡಿದು ಕೂತಿದ್ದ ಬಾವನ ಎದುರಿಗೆ ಕೂತು ಅವನ ಪಾದವನ್ನೇ ನೋಡಿದ.

"ಏನಪ್ಪಾ ಶವಿತರ, ಕಾಲು ಹೆಂಗಿದೆ? ನಾನು ಹತ್ತಿರದಲ್ಲೇ ನಿಂತಿದ್ದೆ, ಎಲ್ಲಾ ನೋಡಿದೀನಿ. ಅರಮನೆ ಸಭೇಲಿ ನಿಜ ಹೇಳಿಬಿಡು. ದೇವರು ಬಾಗಲಿಲ್ಲ, ನಾನು ಜಾರಿದೆ ಅಂತ. ನಮ್ಮ ರಾಜಕುಮಾರ್ರು ಪಟ್ಟಕ್ಕೆ ಬಂದ್ರೆ ನಿನ್ನ ತೊಲೆ ನಿಂಗೆ, ನಿನ್ನ ಮನೆ ನಿಂಗೆ. ನೀನು ಹೇಳ್ದಿದ್ರೆ ನಾನು ಹೇಳ್ತೀನಿ, ಆಗ ಎರಡೂ ಇಲ್ಲ."

"ಆ ಹಾಲು ಸುರಿಸಿದೋರು ಯಾರು ಸ್ವಾಮಿ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ನೀನು ಹೆಂಡ ಸುರಿಯಮ್ಮ," ಎಂದ. ಸುರಿದೆ, ಗಡಿಗೆಯ ತಳದ ಗಸಿಯನ್ನು.

ಸಭೆಯ ದಿನ ಕಂದಕೆಯನ್ನು ನಾನು ಹತ್ತಿರದಿಂದ ನೋಡಿದೆ. ನಮ್ಮ ಒಡತಿಯರು ಸೊರಗಿದ ಹೆಂಗಸರಲ್ಲ, ನಮಗೆ ಅಂಥವರು ಬೇಕಾಗಿಯೂ ಇಲ್ಲ. ತೋಳುಗಳು ನನ್ನ ಗಡಿಗೆಗಳಷ್ಟು ತುಂಬಿದ್ದವು, ಕೂತರೆ ಸಿಂಹದ ಪೀಠದಲ್ಲಿ ಬೆರಳಿಡಲೂ ಜಾಗವಿಲ್ಲ.

"ಶವಿತರ, ನೀನು ಜಾರಿದೆ ಅನ್ನೋ ಸುದ್ದಿ ನನ್ನ ಕಿವಿಗೂ ಬಿತ್ತು. ಜಾರಿದ್ಯಾ?" ಎಂದು ಕೇಳಿದಳು.

"ಜಾರಿದೆ ತಾಯಿ."

ಸಭೆಯಲ್ಲಿ ಗುಲ್ಲೆದ್ದಿತು. ಹಿರಿಯ ರಾಜಕುಮಾರ ಆಗಲೇ ಪೀಠದ ಕಡೆ ಒಂದು ಹೆಜ್ಜೆ ಇಟ್ಟುಬಿಟ್ಟಿದ್ದ. ಕಂದಕೆ ಕೈಯೆತ್ತಿದಳು.

"ಹಂಗಾದ್ರೆ ಇನ್ನೊಂದ್ಸಲ ಹೊರಲಿ. ಒಣ ಮರಳು ಹಾಸಿ. ಹಾಲು ಹಸುಗಳ ಕೆಚ್ಚಲಲ್ಲೇ ಇರ್ಲಿ."

"ಹೊರೋರು?" ನತೆಮಖ ಕೇಳಿದ.

"ಅವರೇ. ಇವನೂ ಇರ್ಬೇಕು, ಅದೇ ಜಾಗದಲ್ಲಿ. ಆಳು ಬದಲಾಯಿಸಿದ್ರೆ ನಾಳೆ ಅದನ್ನೂ ನನ್ನ ತಲೆಗೇ ಕಟ್ತೀರಿ."

ನತೆಮಖ ತಲೆ ತಗ್ಗಿಸಿದ. ನಗು ಮುಚ್ಚಿಕೊಳ್ಳಲು ಬೇರೆ ದಾರಿ ಇರಲಿಲ್ಲ.

ಅವತ್ತು ಸಂಜೆ ಬಾವ ಲೆಕ್ಕ ಹಾಕಿದ. ಕಂದಕೆ ಗೆದ್ದರೆ ತಾನು ಜಾರಿದವನು, ಮನೆ ಹೋಯಿತು. ಹಿರಿಯ ರಾಜಕುಮಾರ ಗೆದ್ದರೆ ಮನೆ ಉಳಿಯಿತು.

"ಬಾವಾ, ದೇವರನ್ನೇ ಎಳೀತೀರಾ?" ಎಂದು ಕೇಳಿದೆ. ನನಗೆ ರೇಗಿತ್ತು.

"ಒಂಚೂರು," ಎಂದ. ಅಕ್ಕ ಬೇಡ ಅನ್ನಲಿಲ್ಲ, ಮಕ್ಕಳ ಹಾಸಿಗೆ ಸರಿಮಾಡಿದಳು.

ಬೆಳಗ್ಗೆ ಮರಳಿನ ಮೇಲೆ ದೋಣಿ ಬಂತು. ಹಿರಿಯ ರಾಜಕುಮಾರನ ಮುಂದೆ ನಿಂತಾಗ ಬಾವನ ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದು ನನಗೆ ಕಾಣಿಸಿತು. ಒಂಚೂರಂತೆ, ಒಂಚೂರು! ಮೊಣಕಾಲು ಮಡಿಸಿ ಜೋತುಬಿದ್ದಿದ್ದಾನೆ ಮನುಷ್ಯ. ದೋಣಿ ಮಿಸುಕಲಿಲ್ಲ. ಉಳಿದ ಇಬ್ಬರ ಮುಂದೆಯೂ ಇಲ್ಲ. ಕಂದಕೆಯ ಕಡೆ ತಿರುಗುವಾಗ ಬಾವ ಹಿಮ್ಮಡಿ ಊರಿ ಹಿಂದಕ್ಕೆ ಜಗ್ಗಿದ. ದೋಣಿ ಅವನನ್ನೂ ಎಳೆದುಕೊಂಡೇ ಮುಂದೆ ಹೋಯಿತು, ಮರಳಿನಲ್ಲಿ ಅವನ ಕಾಲಿನ ಎರಡು ಗೆರೆಗಳು ಬಿದ್ದವು. ಅವಳ ಮುಂದೆ ಎಷ್ಟು ಬಾಗಿತೆಂದರೆ ತೊಲೆ ಮರಳಿಗೆ ತಾಗಿತು. ಈ ಸಲ ನತೆಮಖನೂ ಅಡ್ಡಬಿದ್ದ.

ಕಂದಕೆ ಪೂಜಾರಿಯ ಕಡೆ ತಿರುಗಿದಳು. "ಮೊದಲ ಸಲ ಇವನ ಕಾಲು ಜಾರಿದ್ದು ನಿಜ. ಅದಕ್ಕೆ ಕಟ್ಟಳೆ ಏನು?"

ಪೂಜಾರಿ ಹೇಳಿದ.

"ಹಂಗೇ ಆಗ್ಲಿ. ನಾನೇ ಕಟ್ಟಳೆ ಮುರಿದ್ರೆ ಈ ಪೀಠ ಯಾತಕ್ಕೆ?"

ಹಾಳಾಗಿ ಹೋಗಲಿ ಇವಳ ನ್ಯಾಯ ಎಂದು ಮನಸ್ಸಿನಲ್ಲೇ ಬೈದೆ. ಅಕ್ಕ ಅಳುತ್ತಾ ಪಾತ್ರೆಪಗಡ ಕಟ್ಟಿ ನನ್ನ ಹಿತ್ತಿಲಿಗೆ ಬಂದಳು. ಬಾವ ಬಲ ಹೆಗಲಿಗೂ ಹೊದಿಕೆ ಹೊದ್ದುಕೊಂಡು ಕೂತ. ಅದನ್ನು ನೋಡಲಾಗದೆ ನಾನು ಗಡಿಗೆ ತೊಳೆಯಲು ಹೋದೆ.

ಸುಗ್ಗಿ ಮುಗಿಯುವ ಹೊತ್ತಿಗೆ ಅರಮನೆಯಿಂದ ಬಾವನಿಗೆ ಕರೆ ಬಂತು. ಒಡತಿಯ ಪಲ್ಲಕ್ಕಿಗೆ ಗಟ್ಟಿ ಹೆಗಲು ಬೇಕಂತೆ. ಮೊದಲ ದಿನ ಹೊತ್ತು ಬಂದವನು ಅಂಗಳದಲ್ಲಿ ಉದ್ದಕ್ಕೆ ಬಿದ್ದುಕೊಂಡ.

"ದೇವರು ಹಗುರ ಕಣೇ," ಎಂದ. ಎಷ್ಟೋ ದಿನದ ಮೇಲೆ ಅಕ್ಕ ನಕ್ಕಳು.

ಹೀಗೇ ವರ್ಷಗಳು ಕಳೆದವು. ಪಲ್ಲಕ್ಕಿಯಲ್ಲಿ ಕೂತ ಕಂದಕೆ ಎಷ್ಟು ದೂರದ ದಾರಿಯಾದರೂ ಕಣ್ಣು ಮುಚ್ಚುತ್ತಿರಲಿಲ್ಲವಂತೆ. ನೆಟ್ಟಗೆ ಕೂತು ಬಾವನ ಬೆನ್ನನ್ನೇ ನೋಡುತ್ತಿದ್ದಳಂತೆ. ಒಂದು ದಿನ ಹೊಳೆಯ ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಶವಿತರ, ಅವತ್ತು ಒಣ ಮರಳಲ್ಲಿ ನೀನು ಯಾವ ಕಡೆ ಎಳೆದೆ?"

ಜೊತೆಗೆ ಪಲ್ಲಕ್ಕಿ ಹೊತ್ತಿದ್ದ ಬೋಯಿಗಳ ಹೆಜ್ಜೆ ತಪ್ಪಿತು. ತಾನು ಸತ್ತೆನೆಂದೇ ಬಾವ ತಿಳಿದ.

"ರಾಜಕುಮಾರ್ರ ಕಡೆ, ತಾಯಿ. ಮೈಯಲ್ಲಿದ್ದ ಬಲವೆಲ್ಲಾ ಹಾಕಿ ಎಳೆದೆ. ಮನೆ ಉಳಿಸ್ಕೋಬೇಕಿತ್ತು."

ಆಮೇಲೆ ಪಲ್ಲಕ್ಕಿ ಗಡಗಡ ಅಲುಗತೊಡಗಿತು. ತಿರುಗಿ ನೋಡಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಕಣ್ಣಲ್ಲಿ ನೀರು ಸುರಿಯುತ್ತಿದೆ.

"ಅಯ್ಯೋ ನಿನ್ನ! ಪಾಪ ಹೆಂಗಸು ಅಂತ ನೀನೇ ನನ್ನ ಕಡೆ ತಳ್ಳಿದ್ದೆ ಅಂದ್ಕೊಂಡಿದ್ದೆ ಕಣೋ ಇಷ್ಟು ವರ್ಷ. ಪೀಠದ ಮೇಲೆ ಕೂತಾಗೆಲ್ಲ ಅದೇ ಯೋಚನೆ. ಇದು ದೇವರು ಕೊಟ್ಟಿದ್ದಾ, ಈ ಶವಿತರ ಕೊಟ್ಟಿದ್ದಾ ಅಂತ. ಎಳೆದೆ ಅಂದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ!"

ಸೆರಗಿನಿಂದ ಕಣ್ಣೊರೆಸಿಕೊಂಡು ದಿಂಬಿಗೆ ಒರಗಿದಳು. ಹೊಳೆ ಇನ್ನೂ ದೂರವಿರುವಾಗಲೇ ಗೊರಕೆ ಶುರುವಾಯಿತು. ಅವಳಿಗೆ ಎಚ್ಚರವಾಗಬಾರದೆಂದು ಬೋಯಿಗಳೆಲ್ಲ ಹೆಜ್ಜೆ ನಿಧಾನ ಮಾಡಿದರು.