ಕರಗಿದ ಗಡ್ಡೆ

ಮೊನ್ನೆ ಅವ್ವನ ಟ್ರಂಕಿನ ತಳದಲ್ಲಿ ಒಂದು ಪೇಪರ್ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ನಾಲ್ಕು ಬಿಳಿ ಗುಳಿಗೆ. ಪೇಪರಿಗೆ ಇನ್ನೂ ಹೂವಿನ ಹಿಪ್ಪರಗಿ ಊರಿನ ಆ ಔಷಧದಂಗಡಿಯ ಟಿಂಚರ್ ವಾಸನೆ...

ಆ ಅಂಗಡಿಯವ ಡಾಕ್ಟರನಲ್ಲ. ಆದರೂ ಸುತ್ತಲಿನ ಊರಿಗೆಲ್ಲ ಅವನ ಮಾತೇ ವೇದವಾಕ್ಯ. ಅವ್ವನ ಕುತ್ತಿಗೆಯಲ್ಲಿ ಗಡ್ಡೆ ಎದ್ದಾಗ ಅವಳನ್ನು ಬೈಕಿನಲ್ಲಿ ಅವನ ಹತ್ತಿರ ಕರೆದೊಯ್ದವನು ನಾನೇ. ಅವನು ಬೆರಳಿನಿಂದ ಒತ್ತಿ ನೋಡಿ, "ಕೊಯ್ಯಿಸಬ್ಯಾಡ್ರಿ ಯವ್ವಾ, ಕತ್ತರಿ ಹಚ್ಚಿದ್ರ ಮೈತುಂಬ ಹರಡತೈತಿ. ನಾ ಕರಗಸ್ತೇನಿ," ಎಂದ.

ಕರಗಿಸಿಯೂ ಬಿಟ್ಟ! ಎಂಟೇ ದಿನಕ್ಕೆ ಕುತ್ತಿಗೆ ನುಣ್ಣಗಾಯಿತು. ಅವ್ವ ಅವನಿಗೆ ಶೇಂಗಾ ಹೋಳಿಗೆ ಮಾಡಿ ಕಳಿಸಿದಳು. ಒಯ್ದು ಕೊಟ್ಟ ಮೂರ್ಖನೂ ನಾನೇ. ಗುಳಿಗೆ ಬಿಟ್ಟರೆ ಗಡ್ಡೆ ಏಳುತ್ತಿತ್ತು, ನುಂಗಿದರೆ ಇಳಿಯುತ್ತಿತ್ತು. ಹೀಗೇ ಒಂದು ವರ್ಷ ಹೋಯಿತು...

ಕೊನೆಗೆ ಗುಳಿಗೆಗೂ ಗಡ್ಡೆ ಇಳಿಯದಾದಾಗ ನಾನೇ ಅವ್ವನನ್ನು ಸೋಲಾಪುರಕ್ಕೆ ಒಯ್ದೆ. ಅಲ್ಲಿಯ ಡಾಕ್ಟರು ಗಡ್ಡೆಯ ತುಣುಕು ಕೊಯ್ದು ಪರೀಕ್ಷೆ ಮಾಡಿಸಿ, ಇದು ಲಿಂಫೋಮಾ, ಅದರಲ್ಲೂ ಅಪರೂಪದ ಜಾತಿಯ ಕ್ಯಾನ್ಸರ್ ಎಂದರು. ಅಂಗಡಿಯವ ಕೊಟ್ಟದ್ದು ಸ್ಟೀರಾಯ್ಡ್. ಅದು ಗಡ್ಡೆ ಇಳಿಸಿ ರೋಗವನ್ನು ಮುಚ್ಚಿಟ್ಟಿತ್ತು. ಅವ್ವ ಬದುಕುವುದು ಅವಳ ವಯಸ್ಸು, ರೋಗ ಹರಡಿದ ರೀತಿ, ಔಷಧಕ್ಕೆ ಅದು ಬಗ್ಗುವುದು ಇವುಗಳ ಮೇಲಿದೆ ಎಂದು ತಿಳಿಸಿ ಹೇಳಿದರು.

"ಮೊದಲ ಬಂದಿದ್ರ ಅವ್ವ ಉಳೀತಿದ್ಳೇನ್ರಿ?" ಎಂದೆ.

"ಖಾತ್ರಿ ಹೇಳಾಕ ಆಗಂಗಿಲ್ರಿ. ಆದ್ರ ಹೋದ ವರ್ಷ ಬಂದಿದ್ರ ಪ್ರಯತ್ನಕ್ಕ ಜಾಗಾ ಇತ್ತು."

ಅವ್ವ ಮಾತ್ರ ಕುತ್ತಿಗೆಯ ಹೊಲಿಗೆ ಮುಟ್ಟಿಕೊಂಡು, "ಅಂವ ಬ್ಯಾಡ ಅಂದಿದ್ದ. ನೀನ ಕೊಯ್ಯಿಸಿ ಕೆಡಿಸಿದಿ," ಎಂದು ಕೊನೆತನಕ ನನಗೇ ಅಂದಳು.

ಅವಳು ಹೋದ ಮೇಲೆ ಅವನ ಕೊರಳಪಟ್ಟಿ ಹಿಡಿಯಲೆಂದೇ ಹೋದೆ. ನನ್ನನ್ನು ಕಂಡವನೇ ಮುಖ ಅರಳಿಸಿ, ಎದುರಿಗಿದ್ದ ಹೆಂಗಸಿಗೆ, "ಇವರವ್ವನ ಗಡ್ಡಿ ಕರಗಿಸಿದ್ದು ಇದ ಗುಳಗಿ, ಬೇಕಾದ್ರ ಕೇಳ್ರಿ!" ಎಂದ. ಅವಳ ಕೈಯಿಂದ ಪೊಟ್ಟಣ ಕಸಿದು ಅವನ ಮುಖಕ್ಕೆ ಎಸೆದೆ.

"ನಮ್ಮವ್ವ ಸತ್ತು ಹನ್ನೊಂದ ದಿನ ಆತು."

ಅವನು ಬಗ್ಗಿ, ಚೆಲ್ಲಿದ ಗುಳಿಗೆಗಳನ್ನು ಆರಿಸಿ ಮತ್ತೆ ಡಬ್ಬಿಗೆ ತುಂಬಿಕೊಂಡ.

ಈಗ ಅವನೂ ಇಲ್ಲ. ಅಲ್ಲೊಂದು ಮೊಬೈಲ್ ಅಂಗಡಿ ಇದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ. ಆದರೆ ಈ ನಾಲ್ಕು ಗುಳಿಗೆ... ಕೊನೆಯ ಸಲ ಆಸ್ಪತ್ರೆಗೆ ಹೊರಟಾಗ ಅವ್ವ ಟ್ರಂಕು ಮುಚ್ಚುತ್ತ ಏನೋ ಅಂದಿದ್ದಳು. ಅವಸರದಲ್ಲಿ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಆ ಮಾತು ಈಗ ನೆನಪಾಯಿತು.

"ನಿನ್ನ ಸಲುವಾಗಿ ಒಂದೀಟ ತಗದಿಟ್ಟೇನಿ. ನೀ ನನ್ನಂಗ ಕೊಯ್ಯಿಸ್ಕೋಬ್ಯಾಡಪ್ಪಾ."